ಅರವತ್ತಾಯ್ತಾ? ಇನ್ನು ಕೌದಿಗೆ ಕೂತ್ಕೊಳ್ಳಿ

ಗಂಡಸರು ರಿಟೈರ್ ಆದರೆ ಮನೆಮಂದಿಗೆಲ್ಲ ಚಿಂತೆ. 'ಪಾಪ, ಇನ್ನು ಹೊತ್ತು ಹೇಗೆ ಕಳೀತಾರೋ' ಅಂತ. ಬೆಳಿಗ್ಗೆ ವಾಕಿಂಗ್, ಬಂದ ಮೇಲೆ ಎರಡು ಪೇಪರ್, ಸಂಜೆ ಪಾರ್ಕಿನ ಬೆಂಚು, ಎಲ್ಲ ವ್ಯವಸ್ಥೆಯೂ ತಾನಾಗೇ ಆಗಿಬಿಡುತ್ತೆ. ಅದೇ ಬ್ಯಾಂಕಿನಲ್ಲೋ ಶಾಲೆಯಲ್ಲೋ ಮೂವತ್ತು ವರ್ಷ ದುಡಿದ ಹೆಂಗಸು ನಿವೃತ್ತಿಯಾಗಲಿ, ಅವರ ಹೊತ್ತಿನ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಶಾಲು ಹೊದಿಸಿ, ಹಾರ ಹಾಕಿ ಕಳಿಸಿದ ಮಾರನೇ ದಿನವೇ ಆ ಹೊತ್ತು ಹಂಚಿ ಹೋಗಿರುತ್ತೆ. ಮೊಮ್ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸೋದು, ಗ್ಯಾಸಿನವನು ಬಂದರೆ ಬಾಗಿಲು ತೆಗೆಯೋದು, ಕೊರಿಯರ್ ಇಸ್ಕೊಳ್ಳೋದು, ಹಪ್ಪಳ ಒಣಹಾಕೋದು... 'ಹೇಗೂ ಮನೇಲೇ ಇರ್ತೀರಲ್ಲ!'

ಈ ಮಾತು ನಮ್ಮಂಥ ಗೃಹಿಣಿಯರಿಗೆ ಹೊಸದಲ್ಲ ಬಿಡಿ. ಮದುವೆಯಾದಾಗಿನಿಂದ ಕೇಳ್ತಾನೇ ಇದ್ದೇವೆ. ನಮಗಂತೂ ನಿವೃತ್ತಿಯ ತಾರೀಖೇ ಇಲ್ಲ. ಸೊಸೆ ಬಂದು ಅಡುಗೆಮನೆ ಅವಳ ಕೈಗೆ ಹೋಯ್ತು ಅನ್ನಿ, ಅವತ್ತೇ ರಿಟೈರ್‌ಮೆಂಟು. ಹಾರವೂ ಇಲ್ಲ, ಭಾಷಣವೂ ಇಲ್ಲ, ಕೈ ಮಾತ್ರ ಇದ್ದಕ್ಕಿದ್ದ ಹಾಗೆ ಖಾಲಿ. ಎಷ್ಟೋ ಮನೆಗಳಲ್ಲಿ ಒಗ್ಗರಣೆಯ ಸಾಸಿವೆಗೂ ಜಗಳ ಹತ್ತಿಕೊಳ್ಳೋದು ಈ ಖಾಲಿ ಕೈಯಿಂದಲೇ ಅಂತ ನನ್ನ ಅನಿಸಿಕೆ.

ಅದಕ್ಕೇ ಈ ಸಲ ಕೌದಿಯ ಮಾತು. ಕೌದಿ ಗೊತ್ತಲ್ಲ? ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ ಕೈಹೊಲಿಗೆ ಹಾಕಿದ ಹೊದಿಕೆ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಳೇ ಮೈಸೂರಿನ ಕಡೆ ಬೊಂತೆ ಅಂತಾರೆ. ಮರಾಠಿಯವರ ಗೋಧಡಿ, ಬಂಗಾಳದ ಕಾಂಥಾ ಎಲ್ಲ ಇದರ ಅಕ್ಕತಂಗಿಯರೇ. ಹತ್ತಾರು ವರ್ಷ ಒಗೆದು ಒಗೆದು ಸವೆದ ಹತ್ತಿ ಸೀರೆಯ ಮೆದುತನ ಯಾವ ಅಂಗಡಿಯ ಹೊಸ ಬಟ್ಟೆಗೂ ಬರೋದಿಲ್ಲ. ತೊಟ್ಟಿಲ ಕೂಸಿಗೆ ಅಜ್ಜಿಯ ಸೀರೆಯ ಕೌದಿಯೇ ಬೇಕು ಅನ್ನುತ್ತಿದ್ದುದು ಅದಕ್ಕೇ. ಫೋಮ್ ಹಾಸಿಗೆ, ಕಂಫರ್ಟರ್ ಬಂದ ಮೇಲೆ ನಮ್ಮ ಸಿಟಿ ಮನೆಗಳಲ್ಲಿ ಕೌದಿ ಎಲ್ಲಿಗೆ ಹೋಯಿತು ಹೇಳಿ? ಇಸ್ತ್ರಿ ಟೇಬಲ್ಲಿನ ಮೇಲಕ್ಕೆ! ಈಗ ಅದನ್ನೇ ಕ್ವಿಲ್ಟ್ ಅಂದರೆ ಜನ ಕಣ್ಣರಳಿಸಿ ನೋಡ್ತಾರೆ.

ನಮ್ಮ ಬೀದಿಯಲ್ಲಿ ಒಬ್ಬ ಹೈಸ್ಕೂಲ್ ಟೀಚರ್ ಇದ್ದಾರೆ. ನಿವೃತ್ತಿಯಾಗಿ ನಾಲ್ಕು ವರ್ಷ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಅವರು ಕೌದಿಗೆ ಕೂರುವ ಹೊತ್ತು. ಮೊದಮೊದಲು ಸರಿಯಾಗಿ ಆಗಲೇ ಮನೆಯವರಿಗೆ ಎಲ್ಲ ನೆನಪಾಗ್ತಿತ್ತಂತೆ. 'ಅಮ್ಮಾ, ಒಂಚೂರು ಕುಕ್ಕರ್ ಇಡ್ತೀರಾ?' 'ಅಜ್ಜೀ, ನನ್ನ ಗೋಂದು ಎಲ್ಲಿ?' ಅವರು ಜಗಳ ಆಡಲಿಲ್ಲ. 'ಇದು ನನ್ನ ಪೀರಿಯಡ್. ಬೆಲ್ ಹೊಡೆದ ಮೇಲೆ ಬನ್ನಿ' ಅಂದರು, ಅಷ್ಟೇ. ಮೂವತ್ತು ವರ್ಷ ಪಾಠ ಹೇಳಿದ ದನಿ ನೋಡಿ, ಎರಡು ವಾರದಲ್ಲಿ ಮನೆ ದಾರಿಗೆ ಬಂತು. ಈಗ ನಾಲ್ಕೂವರೆಗೆ ಸೊಸೆಯೇ ಟೀ ತಂದು ಪಕ್ಕದಲ್ಲಿ ಕೂರ್ತಾಳೆ. ಈ ಹಸಿರಿನ ಪಕ್ಕ ಆ ಹಳದಿ ಇಡಿ ಅಂತ ಸಲಹೆಯನ್ನೂ ಕೊಡ್ತಾಳೆ. ಟೀಚರ್ ಕೇಳೋದಿಲ್ಲ, ಅದು ಬೇರೆ ಮಾತು.

ಅವರ ಎರಡನೆಯ ಕೌದಿ ತೀರಿಕೊಂಡ ಯಜಮಾನರ ಅಂಗಿಗಳದ್ದು. ಇಸ್ತ್ರಿ ಮಾಡಿದ ಹನ್ನೊಂದು ಅಂಗಿ ಬೀರುವಿನಲ್ಲಿ ಹಾಗೇ ನೇತಾಡ್ತಿದ್ದವು. ಯಾರಿಗಾದರೂ ಕೊಡೋಣ ಅಂದರೆ ಮನಸ್ಸು ಬಾರದು, ಇಟ್ಟುಕೊಂಡರೆ ಬಾಗಿಲು ತೆಗೆದಾಗಲೆಲ್ಲ ಸಂಕಟ. ಮೊದಲ ದಿನ ಒಂದು ತೋಳು ಬಿಚ್ಚಿ ಎತ್ತಿಟ್ಟುಬಿಟ್ಟರಂತೆ. ಮುಂದಿನ ತೋಳಿಗೆ ಕೈ ಹಾಕಿದ್ದು ತಿಂಗಳ ಮೇಲೆ. ಈಗ ಆ ಕೌದಿ ಅವರ ಮಂಚದ ಮೇಲಿದೆ. ಅಂಚಿನ ಹತ್ತಿರ ಒಂದು ಅಂಗಿಯ ಜೇಬನ್ನು ಹಾಗೇ ಉಳಿಸಿ ಹೊಲಿದಿದ್ದಾರೆ, ರಾತ್ರಿ ಕನ್ನಡಕ ಇಟ್ಟುಕೊಳ್ಳೋಕೆ.

ನಿಮ್ಮ ಟ್ರಂಕಿನಲ್ಲೂ ಅಂಥವು ಇರಬಹುದು. ಅವಸರ ಬೇಡ. ಮೊದಲ ಕೌದಿಯನ್ನು ಯಾವ ನೆನಪೂ ಇಲ್ಲದ ಬಟ್ಟೆಯಿಂದಲೇ ಹೊಲಿಯಿರಿ, ಕೈ ಪಳಗಲಿ. ತೀರಿಹೋದ ಅಮ್ಮನ ಸೀರೆಯಾದರೆ ಕತ್ತರಿ ಹಾಕುವ ಮೊದಲು ಅಕ್ಕತಂಗಿಯರನ್ನು ಒಂದು ಮಾತು ಕೇಳಿ. ಅದೇ ಸೀರೆಯ ಮೇಲೆ ಇನ್ನೊಬ್ಬರಿಗೂ ಆಸೆ ಇರುತ್ತೆ, ಆಮೇಲೆ ವರ್ಷಗಟ್ಟಲೆ ಮುನಿಸು.

ಸರಿ, ಹೊಲಿಯೋದು ಹೇಗೆ? ಹತ್ತಿಯ ಬಟ್ಟೆಯೇ ಇರಲಿ. ಜಾರ್ಜೆಟ್, ಪಾಲಿಯೆಸ್ಟರ್ ಸೂಜಿಯ ಕೆಳಗೆ ಜಾರುತ್ತೆ, ಬೆವರೂ ಹೀರೋದಿಲ್ಲ. ಜರಿ ಚುಚ್ಚುತ್ತೆ. ಎಲ್ಲವನ್ನೂ ಒಗೆದು ಬಿಸಿಲಿಗೆ ಹಾಕಿ. ಬಣ್ಣ ಬಿಡುತ್ತಾ ಅಂತ ಅನುಮಾನ ಇದ್ದರೆ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಉಜ್ಜಿ ನೋಡಿ. ಒಂದು ಸೀರೆ ಸುಮಾರು ಐದೂವರೆ ಮೀಟರ್ ಉದ್ದ, ನಾಲ್ಕು ಅಡಿಗೆ ಸ್ವಲ್ಪ ಕಡಿಮೆ ಅಗಲ. ಅದನ್ನು ಮೂರು ಮಡಿಕೆ ಮಾಡಿದರೆ ಆರಡಿ ಉದ್ದದ ಮೂರು ಪದರ ಸಿಕ್ಕಿತಲ್ಲ, ಒಬ್ಬರು ಹೊದೆಯುವ ಕೌದಿಗೆ ಒಳಹೂರಣ ತಯಾರು! ಅಡಿಗೆ ಒಂದು, ಮೇಲಕ್ಕೆ ಒಂದು ಸೇರಿ ಐದು ಪದರ. ಅದಕ್ಕಿಂತ ದಪ್ಪ ಬೇಡ. ಸೂಜಿ ನೂಕಿ ನೂಕಿ ಬೆರಳ ಗೆಣ್ಣು ನೋವು ಬರುತ್ತೆ, ಒಗೆದರೆ ಒಣಗೋದೂ ಇಲ್ಲ. ಇಷ್ಟು ದೊಡ್ಡದಕ್ಕೆ ಹೆದರಿಕೆಯಾದರೆ ಕೂಸಿನ ಕೌದಿಯಿಂದ ಶುರು ಮಾಡಿ, ಮೂರಡಿಗೆ ಮೂರಡಿ ಸಾಕು.

ಪದರಗಳು ಸರಿಯದ ಹಾಗೆ ಮೊದಲು ಗೇಣಿಗೊಂದರಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ನೆಲದ ಮೇಲೆ ಹಾಸಿಕೊಂಡು ಬಗ್ಗುವುದು ನಮ್ಮ ಅಜ್ಜಿಯರಿಗೆ ಆಗ್ತಿತ್ತು. ನಿಮಗೆ ಮಂಡಿ ನೋವಿದ್ದರೆ ಡೈನಿಂಗ್ ಟೇಬಲ್ ಖಾಲಿ ಮಾಡಿಸಿ. ಆಮೇಲೆ ಬೆರಳಗಲಕ್ಕೊಂದು ಸಾಲು, ಸಾದಾ ರನ್ನಿಂಗ್ ಸ್ಟಿಚ್. ಗಟ್ಟಿ ಹತ್ತಿ ದಾರ ತಗೊಳ್ಳಿ, ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತೆ. ಬೆರಳಿಗೆ ಟೈಲರ್‌ಗಳು ಹಾಕಿಕೊಳ್ಳುವ ಲೋಹದ ಟೋಪಿ ಇರಲಿ. ಹೊಲಿಯೋದು ಹಗಲು ಬೆಳಕಿನಲ್ಲೇ, ಕಿಟಕಿಯ ಪಕ್ಕ. ಸೂಜಿಗೆ ದಾರ ಪೋಣಿಸೋದು ಕಷ್ಟವಾದರೆ ಬೆಳಿಗ್ಗೆಯೇ ಮೊಮ್ಮಕ್ಕಳಿಂದ ಹತ್ತು ಸೂಜಿಗೆ ಪೋಣಿಸಿಟ್ಟುಕೊಳ್ಳಿ. (ಸಂಜೆಗೆ ಹತ್ತನ್ನೂ ಎಣಿಸಿ ಡಬ್ಬಿಗೆ ಹಾಕಿ, ಮಕ್ಕಳಿರುವ ಮನೆ.) ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಮಸುಕು ಹೆಚ್ಚಾಗಿದೆ ಅನ್ನಿಸಿದರೆ ಕೌದಿ ಬದಿಗಿಟ್ಟು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿಬನ್ನಿ.

'ಡಿಸೈನ್ ಎಲ್ಲ ನಂಗೆ ಬರಲ್ಲಪ್ಪ' ಅಂತೀರಾ? ಹಾಗಾದರೆ ಉತ್ತರ ಕನ್ನಡದ ಸಿದ್ದಿಯರ ಕೆಲಸ ನೋಡಬೇಕು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು ಇವರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿದ್ದಾರೆ. ಇವರು ಕೌದಿಗೆ ಕವಂದಿ ಅಂತಾರೆ. ಪೆನ್ಸಿಲ್ ಗೆರೆಯಿಲ್ಲ, ನಕ್ಷೆಯಿಲ್ಲ. ಅಂಚಿನಿಂದ ಶುರು ಮಾಡಿ, ಸುತ್ತ ಸುತ್ತ ಹೊಲೀತಾ, ಕೈಗೆ ಸಿಕ್ಕ ತುಂಡನ್ನು ಸೇರಿಸ್ತಾ ಸೇರಿಸ್ತಾ ನಡುವಿಗೆ ಬರ್ತಾರೆ. ನಡುವಿನಲ್ಲಿ ಏನು ಬರುತ್ತೆ ಅನ್ನೋದು ಅಲ್ಲಿಗೆ ಮುಟ್ಟಿದಾಗಲೇ ಗೊತ್ತಾಗೋದು! ಕೊನೆಗೆ ನಾಲ್ಕು ಮೂಲೆಗೂ ತುಂಡು ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಒಂದರ ಮೇಲೊಂದು ಹೊಲೀತಾರೆ. ಅದಕ್ಕೆ ಫೂಲ್ ಅಂತ ಹೆಸರು. ಫೂಲ್ ಇಲ್ಲದಿದ್ದರೆ ಕವಂದಿ ಪೂರ್ತಿಯಾದಂತಲ್ಲ. ಸಿದ್ದಿಯರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಕಾಣೋದುಂಟು. ಹೊಲಿಯುವವರಲ್ಲಿ ವಯಸ್ಸಾದವರೇ ಪಳಗಿದವರು. ಈ ಕೌದಿಗಳೇ 2011ರಲ್ಲಿ ನ್ಯೂಯಾರ್ಕಿನ ಷೊಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕೆ ಹೋದವು. ಅದನ್ನೆಲ್ಲ ಗೋಡೆಗೆ ತೂಗುಹಾಕಿದ್ದರು, ಹೊದೆಯೋಕೆ ಹೊಲಿದದ್ದನ್ನು!

ಅಮೆರಿಕದ ಮಾತು ಬಂತಲ್ಲ, ಮಗಳ ಬಾಣಂತನಕ್ಕೆ ಅಂತ ಅಲ್ಲಿಗೆ ಹೊರಡುವ ತಾಯಂದಿರಿಗೂ ಒಂದು ಮಾತು. ಹೊರಗೆ ಹಿಮ, ಮನೆಯವರೆಲ್ಲ ಕೆಲಸಕ್ಕೆ, ಆರು ತಿಂಗಳು ನಾಲ್ಕು ಗೋಡೆ ಅಂತ ಎಷ್ಟು ಜನ ಫೋನಿನಲ್ಲಿ ಅಳ್ತಾರೆ! ಉಪ್ಪಿನಕಾಯಿ, ಚಟ್ನಿಪುಡಿಯ ಜೊತೆ ಕತ್ತರಿಸಿದ ತುಂಡುಗಳನ್ನೂ ಒಂದು ಹಳೇ ಸೀರೆಯನ್ನೂ ಸೂಟ್‌ಕೇಸಿಗೆ ಹಾಕಿಕೊಳ್ಳಿ. ಕತ್ತರಿ ಮಾತ್ರ ಚೆಕ್-ಇನ್ ಬ್ಯಾಗಿನಲ್ಲಿರಲಿ, ಕೈಚೀಲದಲ್ಲಿದ್ದರೆ ಏರ್‌ಪೋರ್ಟಿನಲ್ಲಿ ತಕರಾರು. ಅಲ್ಲಿ ಲೈಬ್ರರಿ, ಚರ್ಚು, ಬಟ್ಟೆ ಅಂಗಡಿಗಳಲ್ಲಿ ಕ್ವಿಲ್ಟ್ ಹೊಲಿಯುವ ಹೆಂಗಸರ ಗುಂಪುಗಳಿರುತ್ತವೆ. ಅವರು ಪದರದ ನಡುವೆ ಸಾಮಾನ್ಯವಾಗಿ ಹತ್ತಿಯದೋ ಪಾಲಿಯೆಸ್ಟರಿನದೋ ರೆಡಿಮೇಡ್ ಹಾಸು ಇಡ್ತಾರೆ, ನಾವು ಹಳೇ ಸೀರೆ ಇಡ್ತೀವಿ. ಉಳಿದದ್ದೆಲ್ಲ ಹೆಚ್ಚುಕಮ್ಮಿ ಒಂದೇ. ಮಗಳಿಗೆ ಹೇಳಿ ವಾರಕ್ಕೊಮ್ಮೆ ಬಿಟ್ಟುಬರೋಕೆ.

ಇನ್ನು ಸೊಸೆಯಂದಿರಿಗೆ, ಅಂದರೆ ನನ್ನ ವಯಸ್ಸಿನವರಿಗೆ. ಇದನ್ನು ಓದಿ ನಾಳೆಯೇ ಅತ್ತೆಯ ಮುಂದೆ ಬಟ್ಟೆಗಂಟು ತಂದು ಸುರಿಯಬೇಡಿ. ಅಡುಗೆಮನೆಯಿಂದ ದೂರ ಇರಲಿ ಅಂತ ಕೌದಿ ಕೊಟ್ಟರೆ ಅದೂ ಒಂದು ಚಾಕರಿಯೇ. ಟೈಮ್‌ಪಾಸ್ ಅನ್ನೋ ಮಾತೂ ಬೇಡ. ಸಾವಿರ ಚಿಲ್ಲರೆಗೆ ಆನ್‌ಲೈನಿನಲ್ಲಿ ಕಂಫರ್ಟರ್ ಸಿಗುತ್ತೆ ಅಂತ ಲೆಕ್ಕ ಒಪ್ಪಿಸಲೂಬೇಡಿ, ಅವರಿಗೂ ಗೊತ್ತು. ಅಂಗಡಿಗೆ ಹೋದಾಗ ಒಳ್ಳೆಯ ದಾರದುಂಡೆ ತಂದುಕೊಡಿ. ಆ ಒಂದೂವರೆ ಗಂಟೆ ಮಗುವನ್ನು ನೀವು ನೋಡಿಕೊಳ್ಳಿ. ಅಷ್ಟು ಸಾಕು.

ಚೆನ್ನಾಗಿ ಬಂದ ಕೂಡಲೇ ಯಾರಾದರೊಬ್ಬರು ಕೇಳೇ ಕೇಳ್ತಾರೆ, 'ಆಂಟಿ, ಇದನ್ನ ಮಾರಬಹುದಲ್ಲ?' ಪೆನ್ಷನ್ ಬರುವ, ಊಟಬಟ್ಟೆಗೆ ತೊಂದರೆಯಿಲ್ಲದ ಮನೆಯಾದರೆ ನನ್ನ ಸಲಹೆ, ಸದ್ಯಕ್ಕೆ ಬೇಡ. ಮೂವತ್ತು ವರ್ಷ ಗಡಿಯಾರ ನೋಡಿ ದುಡಿದದ್ದಾಗಿದೆ. ಆರ್ಡರ್ ಹಿಡಿದರೆ ಮತ್ತೆ ಅದೇ ಗಡಿಯಾರ. ಹೊಟ್ಟೆಪಾಡಿಗೆ ಕೌದಿ ಹೊಲಿಯುವವರ ಮಾತು ಬೇರೆ. ಊರೂರು ತಿರುಗಿ ಹೊಲಿದುಕೊಡುವ ಹೆಣ್ಣುಮಕ್ಕಳು ಉತ್ತರ ಕರ್ನಾಟಕದಲ್ಲಿ ಇದ್ದಾರೆ. ನೀವೇ ಒಂದು ಹೊಲಿದು ನೋಡಿದ ಮೇಲೆ ಅವರ ಹತ್ತಿರ ಚೌಕಾಸಿ ಮಾಡೋಕೆ ನಿಮಗೆ ಬಾಯಿ ಬರೋದಿಲ್ಲ ನೋಡಿ.

ಮೊದಲನೆಯದರ ಸಾಲು ಸೊಟ್ಟಗೇ ಬರುತ್ತೆ, ಬಿಚ್ಚಬೇಡಿ. ಎರಡು ಒಗೆತ ಕಂಡ ಮೇಲೆ ಬಟ್ಟೆ ಸುಕ್ಕಾಗಿ ಸೊಟ್ಟ ಯಾವುದು ನೇರ ಯಾವುದು ಅಂತ ನಿಮಗೇ ತಿಳಿಯೋದಿಲ್ಲ. ಇನ್ನೊಂದು ಮಾತು. ಆ ಮೊದಲ ಕೌದಿ ಮುಗಿಯುವ ಹೊತ್ತಿಗೆ ಕೇಳುವವರು ಮೂರು ಜನ ಇರ್ತಾರೆ, ಮಗಳು, ಸೊಸೆ, ನಾದಿನಿ. ಎರಡನೆಯದು, ಮೂರನೆಯದು ಅವರಿಗೇ ಅಂತ ಹೇಳಿ. ಮೊದಲನೆಯದನ್ನು ನೀವೇ ಹೊದ್ದುಕೊಳ್ಳಿ.