ಕಣಿವೆಗೆ ಇಳಿಯುವ ಮುನ್ನ

(ಅಂತಿಮ ಬಿ. ಎ. ವಿದ್ಯಾರ್ಥಿ)

ಬೆಟ್ಟ ಹತ್ತುವವನಿಗೆ ಪ್ರಕೃತಿ ಒಂದು ರಿಯಾಯಿತಿ ತೋರಿಸಿದೆ. ಕಷ್ಟದ ಭಾಗವನ್ನು ಅವನು ಮೊದಲೇ ಮುಗಿಸುತ್ತಾನೆ. ಉಸಿರು ಕಟ್ಟಿದರೆ, ಕಾಲು ಸೋತರೆ, ಅಲ್ಲಿಂದಲೇ ತಿರುಗಿ ಇಳಿದುಬರಬಹುದು; ಮನೆಯ ದಾರಿ ಇಳಿಜಾರಿನದು. ಕಣಿವೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಬೆಳಗಿನ ತಂಪಿನಲ್ಲಿ, ಹೊಟ್ಟೆ ತುಂಬಿರುವಾಗ, ಹಾಡು ಹೇಳುತ್ತ ಇಳಿಯುತ್ತೇವೆ. ಸೋತೆವೆಂದು ತಿಳಿಯುವ ವೇಳೆಗೆ ನಾವು ತಳದಲ್ಲಿರುತ್ತೇವೆ, ಸೂರ್ಯ ನೆತ್ತಿಯ ಮೇಲಿರುತ್ತಾನೆ, ಮನೆಯ ದಾರಿ ಮೇಲಕ್ಕಿರುತ್ತದೆ. ಆದ್ದರಿಂದ ಕಣಿವೆಯ ಚಾರಣಕ್ಕೆ ಬೇಕಾದ ಸಿದ್ಧತೆಯೆಲ್ಲ ಮೇಲಿನ ಅಂಚಿನಲ್ಲಿಯೇ ಮುಗಿದಿರಬೇಕು.

ಈ ವಿಷಯದಲ್ಲಿ ನಮ್ಮ ಕಾಲೇಜಿನಲ್ಲಿ ಎರಡು ಪಕ್ಷಗಳಿವೆ. ಕಣಿವೆಯ ಚಾರಣವೆಂದರೆ ಅಪಾಯ, ಅದನ್ನು ನಿಷೇಧಿಸಿಬಿಡಬೇಕು ಎನ್ನುವವರು ಕೆಲವರು. ಇವರಲ್ಲಿ ನಾನು ಗೌರವಿಸುವ ಅಧ್ಯಾಪಕರೂ ಇದ್ದಾರೆ. ಎದೆಗಾರಿಕೆಯೊಂದಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎನ್ನುವವರು ಮತ್ತೆ ಕೆಲವರು. ಇವರೆಲ್ಲ ನನ್ನ ಸಹಪಾಠಿಗಳು. ನನ್ನ ಅಲ್ಪಮತಿಗೆ ತೋರುವಂತೆ ಈ ಎರಡು ಪಕ್ಷಗಳೂ ಒಂದೇ ಹಳ್ಳಕ್ಕೆ ಬೀಳುತ್ತವೆ. ಅದು ಹೇಗೆಂದು ಹೇಳುವ ಮೊದಲು, ಈ ಪಾಠವನ್ನು ಪ್ರಾಣಗಳ ಬೆಲೆ ತೆತ್ತು ಕಲಿತ ಒಂದು ಸ್ಥಳವನ್ನು ನೋಡೋಣ.

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಕೊಲರಾಡೊ ನದಿ ಕೊರೆದಿರುವ ಗ್ರ್ಯಾಂಡ್ ಕ್ಯಾನಿಯನ್ ಭೂಗೋಳದ ಪುಸ್ತಕಗಳಿಂದ ನಮಗೆಲ್ಲ ಪರಿಚಿತವೇ. 446 ಕಿಲೋಮೀಟರು ಉದ್ದದ ಈ ಕಮರಿ 1919ರಿಂದ ರಾಷ್ಟ್ರೀಯ ಉದ್ಯಾನ. ದಕ್ಷಿಣದ ಅಂಚಿನಿಂದ ನದಿಗೆ ಹೋಗುವ ಬ್ರೈಟ್ ಏಂಜೆಲ್ ಎಂಬ ಕಾಲುದಾರಿ ಸುಮಾರು 1,340 ಮೀಟರು ಕೆಳಗಿಳಿಯುತ್ತದೆ. ನಮ್ಮ ಜೋಗದ ಎತ್ತರ 253 ಮೀಟರು. ಅಂತಹ ಐದು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಆ ಆಳ ತುಂಬದು. ಆದರೆ ಅಲ್ಲಿ ಜನರನ್ನು ಸೋಲಿಸುವುದು ಆಳವೊಂದೇ ಅಲ್ಲ, ಶಾಖ. ಗಾಳಿ ಕೆಳಗಿಳಿದಂತೆ ಒತ್ತಡಕ್ಕೆ ಸಿಕ್ಕಿ ಕಾಯುತ್ತದೆ; ಒಣಗಾಳಿಯಾದರೆ ಸಾವಿರ ಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅಂಚಿನಲ್ಲಿ ಹಿತವಾದ ಹವೆಯಿರುವ ಬೇಸಿಗೆಯ ದಿನದಲ್ಲಿಯೇ ತಳದ ನೆರಳಿನಲ್ಲಿ 40 ಡಿಗ್ರಿ ದಾಟಿರುವುದುಂಟು. ಬಂಡೆಗಳು ಹಂಚಿನಂತೆ ಕಾದಿರುತ್ತವೆ. ಮೇಲಿನ ತಂಪನ್ನು ನಂಬಿ ಒಂದು ಬಾಟಲಿ ನೀರು ಹಿಡಿದು ಇಳಿದವನ ಪಾಡೇನು?

1996ರ ಬೇಸಿಗೆಯಲ್ಲಿ ಅಲ್ಲಿ ಶಾಖದಿಂದ ಹಲವರು ಸತ್ತರು. ಆಗ ಉದ್ಯಾನದವರು ದಾರಿಗೆ ಬೇಲಿ ಹಾಕಲಿಲ್ಲ. 1997ರಿಂದ ದಾರಿಯಲ್ಲಿಯೇ ನಿಂತು ಜನರನ್ನು ಮಾತನಾಡಿಸುವ ಒಂದು ಪಡೆಯನ್ನು ಏರ್ಪಡಿಸಿದರು. ಎಷ್ಟು ನೀರಿದೆ, ತಿನ್ನಲು ಏನಿದೆ, ಎಲ್ಲಿಯವರೆಗೆ ಹೋಗುತ್ತೀರಿ ಎಂಬ ಪ್ರಶ್ನೆಗಳೇ ಅವರ ಆಯುಧ. ಒಂದೇ ದಿನದಲ್ಲಿ ನದಿಯವರೆಗೆ ಹೋಗಿ ಮರಳುವ ಯತ್ನ ಬೇಡ. ಬೇಸಿಗೆಯಲ್ಲಿ ಬೆಳಗಿನ 10ರಿಂದ ಸಂಜೆ 4ರವರೆಗೆ ನಡಿಗೆ ಬೇಡ. ಇಳಿಯಲು ಹಿಡಿದ ಕಾಲದ ಎರಡರಷ್ಟು ಹತ್ತಲು ಹಿಡಿಯುತ್ತದೆ, ನೆನಪಿರಲಿ. ಇವು ಅವರು ಹೇಳುವ ಬುದ್ಧಿಮಾತುಗಳು. ಕೊನೆಯದನ್ನು ಲೆಕ್ಕವಾಗಿ ಬರೆದುಕೊಳ್ಳಿ. ನಡೆಯಲು ಒಟ್ಟು ಒಂಬತ್ತು ಗಂಟೆಯಿದ್ದರೆ ಮೂರನೆಯ ಗಂಟೆಗೆ ತಿರುಗಬೇಕು, ನದಿ ಇನ್ನೇನು ಕಣ್ಣೆದುರಿಗೇ ಇದ್ದರೂ ತಿರುಗಬೇಕು. ಇಷ್ಟು ಸಣ್ಣ ಭಾಗಾಕಾರವನ್ನು ಮಾಡಲಾರದೆ ಕೆಟ್ಟವರು ಬಹಳ ಮಂದಿ.

ನೀರಿನ ಬಗ್ಗೆ ನಮ್ಮಲ್ಲಿ ಒಂದು ಅರ್ಧಸತ್ಯ ಚಾಲ್ತಿಯಲ್ಲಿದೆ. ಹೆಚ್ಚು ಕುಡಿದಷ್ಟೂ ಒಳ್ಳೆಯದಂತೆ! ಬೆವರಿನೊಡನೆ ಉಪ್ಪೂ ಹೋಗುತ್ತದೆ. ಏನನ್ನೂ ತಿನ್ನದೆ ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಕೊನೆಗೆ ಬುದ್ಧಿಭ್ರಮೆಯೂ ಉಂಟಾಗುತ್ತದೆ. ಬಿಸಿಲಿನ ಬಳಲಿಕೆಯ ಲಕ್ಷಣಗಳೂ ಹೆಚ್ಚುಕಡಿಮೆ ಇವೇ. ಹೀಗಾಗಿ ಸಂಗಡಿಗರು ಪಾಪ, ಉಪಕಾರವೆಂದು ತಿಳಿದು ಇನ್ನಷ್ಟು ನೀರು ಕುಡಿಸುತ್ತಾರೆ. ಬಿಸಿಲಲ್ಲಿ ದುಡಿಯುವವನಿಗೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಕೊಡುತ್ತಿದ್ದ ನಮ್ಮ ಹಳ್ಳಿಯ ಮುದುಕಿಯರು ಈ ಶಾಸ್ತ್ರವನ್ನು ಓದಿರಲಿಲ್ಲ, ಆದರೆ ಬಲ್ಲವರಾಗಿದ್ದರು. ಕಣಿವೆಗೆ ಹೊರಡುವವರು ಚಕ್ಕುಲಿ, ಉಪ್ಪುಗಡಲೆ, ಬೆಲ್ಲ ಕಟ್ಟಿಕೊಳ್ಳಲಿ. ಒಂದು ಲೀಟರು ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿದರೆ ಜೀವಜಲ ಸಿದ್ಧ. ಜೊತೆಯವನ ಮಾತು ತೊದಲಿದರೆ, ಅವನು ಅಸಂಬದ್ಧವಾಗಿ ವರ್ತಿಸತೊಡಗಿದರೆ, ಮೈ ಕೆಂಡದಂತಿದ್ದರೆ, ನೆರಳಿನಲ್ಲಿ ಮಲಗಿಸಿ ಮೈಗೆಲ್ಲ ನೀರು ಹಾಕಿ ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು.

ಕಣಿವೆಯಲ್ಲಿ ಇನ್ನೊಂದು ಶತ್ರು ನೀರೇ. 1997ರ ಆಗಸ್ಟ್ 12ರಂದು ಅದೇ ಅರಿಜೋನಾದ ಆಂಟಲೋಪ್ ಕ್ಯಾನಿಯನ್ ಎಂಬ ಇಕ್ಕಟ್ಟಾದ ಕಮರಿಯಲ್ಲಿ 11 ಮಂದಿ ಪ್ರವಾಸಿಗಳು ಪ್ರವಾಹಕ್ಕೆ ಸಿಕ್ಕಿ ಸತ್ತರು. ಆ ಪ್ರವಾಹವನ್ನು ತಂದ ಮಳೆ ಬಿದ್ದದ್ದು ಮೈಲುಗಳಾಚೆ. ನಮ್ಮ ತಲೆಯ ಮೇಲಿನ ಆಕಾಶ ಮಾತ್ರ ನೋಡಿದರೆ ಸಾಲದು, ನದಿಯ ತಲೆಯ ಮೇಲಿನ ಆಕಾಶವನ್ನೂ ವಿಚಾರಿಸಬೇಕು. ಶರಾವತಿಯ ಕೊಳ್ಳದಲ್ಲಿ ಇದಕ್ಕೆ ಮತ್ತೊಂದು ಸೇರಿದೆ. ಜೋಗದಲ್ಲಿ ಒಂದು ಹನಿ ಬೀಳದಿದ್ದರೂ ಲಿಂಗನಮಕ್ಕಿಯ ಬಾಗಿಲು ತೆರೆದರೆ ಕೆಳಗೆ ನೀರು ಏರುತ್ತದೆ.

ಈಗ ಆ ಎರಡು ಪಕ್ಷಗಳ ಮಾತಿಗೆ ಬರುತ್ತೇನೆ. 2003ರ ಏಪ್ರಿಲ್‌ನಲ್ಲಿ ಆರನ್ ರಾಲ್‌ಸ್ಟನ್ ಎಂಬ ತರುಣ ಯೂಟಾ ರಾಜ್ಯದ ಬ್ಲೂಜಾನ್ ಕಮರಿಗೆ ಒಬ್ಬನೇ ಇಳಿದ. ಉರುಳಿದ ಬಂಡೆಯೊಂದು ಅವನ ಬಲಗೈಯನ್ನು ಗೋಡೆಗೆ ಅದುಮಿ ಹಿಡಿಯಿತು. ಐದು ದಿನ ಹಾಗೆಯೇ ಇದ್ದು, ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಪಾರಾದ. 2010ರಲ್ಲಿ ಬಂದ ಅವನ ಕಥೆಯ ಚಲನಚಿತ್ರಕ್ಕೆ ನಮ್ಮ ಎ. ಆರ್. ರೆಹಮಾನ್ ಸಂಗೀತ ನೀಡಿದ್ದರಿಂದ ನಮ್ಮ ಮಿತ್ರರಲ್ಲಿ ಅನೇಕರು ಅದನ್ನು ನೋಡಿದ್ದಾರೆ, ಅವನ ಧೈರ್ಯವನ್ನು ಕೊಂಡಾಡುತ್ತಾರೆ. ನಾನೂ ಕೊಂಡಾಡುತ್ತೇನೆ. ಆದರೆ ಅವನು ಪಳಗಿದ ಚಾರಣಿಗ. ಹಗ್ಗವಿತ್ತು, ಅನುಭವವಿತ್ತು, ಎದೆಗಾರಿಕೆ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ಒಂದೇ: ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಹುಡುಕಬೇಕಾದವರಿಗೆ ಎಲ್ಲಿ ಹುಡುಕಬೇಕೆಂದು ಗೊತ್ತಿರಲಿಲ್ಲ.

ಕಾಲೇಜು ಚಾರಣವನ್ನು ನಿಷೇಧಿಸಿದರೆ ಆಗುವುದು ಇದೇ ಅಲ್ಲವೆ? ಹುಡುಗರು ಹೋಗುವುದನ್ನು ಬಿಡುತ್ತಾರೆಯೇ? ಭಾನುವಾರ ಬೈಕು ಹತ್ತಿ, ಮನೆಯಲ್ಲಿ ಗೆಳೆಯನ ಊರ ಜಾತ್ರೆಗೆಂದು ಹೇಳಿ ಹೋಗುತ್ತಾರೆ. ಹಗ್ಗವಿಲ್ಲ, ಔಷಧಿಯಿಲ್ಲ, ದಾರಿ ಬಲ್ಲವರಿಲ್ಲ. ತಳದಲ್ಲಿ ಮೊಬೈಲಿಗೆ ಸಿಗ್ನಲ್ಲೂ ಇರುವುದಿಲ್ಲ. ಎದೆಗಾರಿಕೆಯ ಪಕ್ಷದವರು ಯಾರಿಗೂ ಹೇಳದೆ ಹೋಗುವುದನ್ನು ಸಾಹಸವೆನ್ನುತ್ತಾರೆ. ನಿಷೇಧದ ಪಕ್ಷದವರು ಹೇಳಲು ಅವಕಾಶವನ್ನೇ ಕೊಡುವುದಿಲ್ಲ. ನಾನು ಒಂದೇ ಹಳ್ಳವೆಂದದ್ದು ಇದನ್ನು. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನಸಂದಣಿ ವಿಪರೀತವಾದಾಗ ರಾಜ್ಯ ಸರ್ಕಾರವೂ ಚಾರಣವನ್ನು ಕೆಲಕಾಲ ತಡೆಯಿತು. ಆದರೆ ಅಲ್ಲಿಗೇ ನಿಲ್ಲಿಸದೆ, ಸಂಖ್ಯೆಗೆ ಮಿತಿ ಹಾಕಿ ಮುಂಗಡ ನೋಂದಣಿಯ ಮೇಲೆ ಮತ್ತೆ ಅವಕಾಶ ಕೊಟ್ಟಿತು. ಸರ್ಕಾರ ಮಾಡಬಹುದಾದದ್ದನ್ನು ಸರ್ಕಾರಿ ಕಾಲೇಜು ಮಾಡಬಾರದೇಕೆ?

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಕಾಲೇಜಿನಲ್ಲಿ ನನ್ನಂಥವರೇ ಹೆಚ್ಚು. ನಮ್ಮಲ್ಲಿ ಒಬ್ಬನ ಕಾಲು ಮುರಿದರೆ ಒಂದು ಮನೆಯ ಆಸೆಯೇ ಮುರಿದಂತೆ. ಅಧ್ಯಾಪಕರ ಭಯ ಇದೇ ಎಂದು ನಾನು ಬಲ್ಲೆ, ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ನಮ್ಮ ಮನೆಗಳು ನಮಗೆ ಸಿದ್ಧತೆಯನ್ನೂ ಕಲಿಸಿವೆ. ನನ್ನ ತಾಯಿ ಹಳ್ಳದಿಂದ ಹುಲ್ಲಿನ ಹೊರೆ ಹೊತ್ತು ದಿಬ್ಬ ಹತ್ತುತ್ತಾಳೆ. ಹುಲ್ಲು ಕೊಯ್ಯುವಾಗಲೇ ಅವಳಿಗೆ ದಿಬ್ಬದ ನೆನಪು. ಹೊರೆ ಅಷ್ಟಕ್ಕೇ ನಿಲ್ಲುತ್ತದೆ. ಇನ್ನೊಂದು ಹಿಡಿ ಸೇರಿಸೆಂದರೆ ಕೇಳುವವಳಲ್ಲ. ತಲೆಯ ಮೇಲಿನ ಸಿಂಬಿ ಸರಿಯಾಗದೆ ಒಂದು ಹೆಜ್ಜೆ ಕಿತ್ತಿಡುವುದಿಲ್ಲ.

ದೇಹದ ಅಭ್ಯಾಸಕ್ಕೆ ಹಣ ಬೇಡ. ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಬೆನ್ನಿನ ಚೀಲದಲ್ಲಿ ನಾಲ್ಕೈದು ಪುಸ್ತಕ ತುಂಬಿ ಕಾಲೇಜಿನ ಮಹಡಿ ಮೆಟ್ಟಿಲನ್ನು ಹತ್ತಿ ಇಳಿಯಬಹುದು. ಇಳಿಯುವುದನ್ನೂ ಎಣಿಸಬೇಕು, ಏಕೆಂದರೆ ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೇ. ಜೋಗದ ಬುಡಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ತುದಿಗಾಲಿಗೆ ಬೀಳುವ ಭಾರದಿಂದ ಉಗುರು ಕಪ್ಪಾಗುತ್ತದೆ, ಆದ್ದರಿಂದ ಹೊರಡುವ ಮುನ್ನ ಉಗುರು ಕತ್ತರಿಸಿಕೊಳ್ಳುವುದು ಒಳ್ಳೆಯದು. ಹೊಸ ಶೂ ಹಾಕಿಕೊಂಡು ಹೋಗುವುದಕ್ಕಿಂತ ಪಳಗಿದ ಹಳೆಯ ಶೂ ಮೇಲು, ಅಡಿ ಸವೆದಿರದಿದ್ದರೆ. ಘಟ್ಟದ ಸೆಖೆಯಲ್ಲಿ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಅರಿಜೋನಾದಷ್ಟು ಬಿಸಿಲಿಲ್ಲವೆಂದು ಮೈಮರೆಯಬಾರದು.

ಶೂ ಕೊಳ್ಳಲಾರದವರು ನಮ್ಮಲ್ಲಿದ್ದಾರೆ. ಕ್ರಿಕೆಟ್ ಬ್ಯಾಟು ಕೊಳ್ಳುವ ಕ್ರೀಡಾನಿಧಿಯಿಂದ ನಾಲ್ಕು ಜೊತೆ ಶೂ, ಒಂದು ಒಳ್ಳೆಯ ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎರಡು ಟಾರ್ಚು, ಸೀಟಿಗಳು ಕೊಂಡರೆ ವರ್ಷ ವರ್ಷವೂ ಒದಗುತ್ತವೆ. ಅರಣ್ಯ ಇಲಾಖೆಯ ಅನುಮತಿ, ದಾರಿ ಬಲ್ಲ ಸ್ಥಳೀಯನೊಬ್ಬನ ಜೊತೆ ಇವೆರಡು ಇಲ್ಲದೆ ತಂಡ ಹೊರಡಕೂಡದು. ತಂಡದಲ್ಲಿ ಅತ್ಯಂತ ನಿಧಾನವಾಗಿ ನಡೆಯುವವನು ಮುಂದೆ ನಡೆಯಲಿ, ಗಟ್ಟಿಗರು ಅವನ ಹಿಂದೆ. ಅರ್ಧ ದಾರಿಯಲ್ಲಿ "ನನ್ನಿಂದಾಗದು" ಎಂದವನನ್ನು ಹಾಸ್ಟೆಲಿನಲ್ಲಿ ವಾರಗಟ್ಟಲೆ ಗೇಲಿ ಮಾಡುವ ನಮ್ಮ ಚಾಳಿಯೂ ನಿಲ್ಲಬೇಕು. ಆ ಗೇಲಿಗೆ ಹೆದರಿ ಎಷ್ಟು ಮಂದಿ ಬಾಯಿ ಮುಚ್ಚಿಕೊಂಡು ಇಳಿಯುತ್ತಾರೋ!

ಇವೆಲ್ಲಕ್ಕಿಂತ ಮೊದಲು ಆಗಬೇಕಾದದ್ದು ಅತ್ಯಂತ ಅಗ್ಗದ ಕೆಲಸ. ಗ್ರಂಥಾಲಯದ ಮೇಜಿನ ಮೇಲೆ ಒಂದು ರಿಜಿಸ್ಟರು ಇರಲಿ. ಕಾಲೇಜಿನಿಂದ ಹೋಗುವವರಾಗಲಿ, ತಾವಾಗಿ ಭಾನುವಾರ ಹೋಗುವವರಾಗಲಿ, ಹೆಸರು, ಹೋಗುವ ದಾರಿ, ಮರಳುವ ಗಂಟೆ, ಮನೆಯವರ ಫೋನ್ ಸಂಖ್ಯೆ ಬರೆದು ಹೋಗಲಿ. ಬರೆದದ್ದಕ್ಕಾಗಿ ಯಾರನ್ನೂ ಶಿಕ್ಷಿಸುವುದಿಲ್ಲವೆಂದು ಪ್ರಾಂಶುಪಾಲರು ಮೊದಲ ಪುಟದಲ್ಲಿ ರುಜು ಹಾಕಿಕೊಡಲಿ. ರಜಾದಿನ ಆ ಪುಸ್ತಕ ಹಾಸ್ಟೆಲಿನ ವಾರ್ಡನ್ನರ ಬಳಿ ಇರಬಹುದು. ಹೇಳಿದ ಗಂಟೆ ಕಳೆದು ಎರಡು ಗಂಟೆಯಾದರೂ ಸುದ್ದಿಯಿಲ್ಲದಿದ್ದರೆ, ಅವರು ಯಾರ ಅಪ್ಪಣೆಗೂ ಕಾಯದೆ 112ಕ್ಕೆ ಫೋನ್ ಮಾಡಬೇಕು.