ಪಾಸಿಂಗ್ ಪ್ಯಾಕೇಜಿನ ಇತಿಹಾಸ ನಮಗೆ ಬೇಡ

ಕಾರವಾರ, ಅಂಕೋಲೆಯ ಹೈಸ್ಕೂಲು ಕಾಲೇಜುಗಳ ಇತಿಹಾಸದ ಮಾಸ್ತರರಿಗೆ ಒಂದು ಮಾತು.

ಪರೀಕ್ಷೆ ಹತ್ತಿರ ಬಂತು ಅಂದ್ರೆ ಸಾಕು, ಹಿಂದಿನ ಬೆಂಚಿನ ಮಕ್ಕಳ ಕೈಗೆ ನಾಲ್ಕು ಹಾಳೆ ಬರುತ್ತವೆ. ಅದಕ್ಕೆ 'ಪಾಸಿಂಗ್ ಪ್ಯಾಕೇಜ್' ಅಂತ ಹೆಸರು. ಹತ್ತು ಇಸವಿ, ಹತ್ತು ಹೆಸರು. ಬಾಯಿಪಾಠ ಮಾಡು, ಕಕ್ಕು, ಪಾಸಾಗು, ಹೋಗು! ಆ ಬೆಂಚಿನಲ್ಲಿ ಕೂತವರು ಯಾರು? ಆಗೇರರ ಮಗಳು, ಮುಕ್ರಿಯವರ ಮಗ, ಹಾಲಕ್ಕಿ ಹುಡುಗ, ಕಾಡಂಚಿನಿಂದ ನಡೆದು ಬಂದ ಸಿದ್ದಿ ಹುಡುಗಿ. ಮುಂದಿನ ಬೆಂಚಿಗೆ 'ಕಾರಣ ಕೊಡಿ, ವಿಮರ್ಶಿಸಿ'. ಹಿಂದಿನ ಬೆಂಚಿಗೆ 'ಬಿಟ್ಟ ಸ್ಥಳ ತುಂಬಿರಿ'.

ನೀವು ಇದಕ್ಕೆ ಕನಿಕರ ಅನ್ನುತ್ತೀರಿ. ನಾವು ಜಾತಿ ಅನ್ನುತ್ತೇವೆ. 'ಇವರ ಕೈಲಿ ಇಷ್ಟೇ ಆಗೋದು' ಅನ್ನೋ ಮಾತು ಎಷ್ಟು ಹಳೆಯದು ಅಂತ ಇತಿಹಾಸದ ಮಾಸ್ತರರಿಗೆ ನಾವು ಹೇಳಬೇಕೇ?

ಅಮೆರಿಕದ ಕ್ರಾಂತಿಯ ಪಾಠವನ್ನೇ ತಗೊಳ್ಳಿ. 1776ರ ಘೋಷಣೆಯಲ್ಲಿ ಜೆಫರ್ಸನ್ ಎಲ್ಲ ಮನುಷ್ಯರೂ ಸಮಾನರು ಅಂದ. ಇಷ್ಟು ಪ್ಯಾಕೇಜಿಗೆ ಸಾಕು. ಅದೇ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಕರಿಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಇವೆರಡನ್ನೂ ಪಕ್ಕಪಕ್ಕ ಇಟ್ಟು, 'ಹಾಗಾದ್ರೆ ಅವನ ಲೆಕ್ಕದಲ್ಲಿ ಮನುಷ್ಯ ಅಂದ್ರೆ ಯಾರು?' ಅಂತ ಕೇಳಿ ನೋಡಿ. ಮುಂದಿನ ಬೆಂಚು ಗೈಡು ತಿರುವುತ್ತದೆ. ಹಿಂದಿನ ಬೆಂಚಿನಿಂದ ಕೈ ಮೇಲೆ ಬರುತ್ತದೆ. ಯಾಕಂದ್ರೆ ತೇರಿಗೆ ಎಲ್ಲರೂ ಬನ್ನಿ ಅಂತ ಕರೆದು ಗುಡಿ ಬಾಗಿಲಲ್ಲಿ ತಡೆದದ್ದು ಅದರ ಅಜ್ಜನನ್ನು.

ಅಮೆರಿಕ ದೂರ, ನಮಗ್ಯಾಕೆ ಅಂತೀರಾ? 1861ರಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿತು. ಗುಲಾಮರು ಬೆಳೆದ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬರೋದು ನಿಂತಿತು. ಗಿರಣಿ ಧಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಘಟ್ಟ ಇಳಿದು ಹಡಗು ಹತ್ತಲಿಕ್ಕೆ ಕಾರವಾರದ ಬಂದರು ಬೇಕಾಯಿತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ನಮ್ಮ ಜಿಲ್ಲಾ ಕಚೇರಿಯ ಬೇರು ಎಲ್ಲೋ ಮಿಸಿಸಿಪ್ಪಿಯ ಹತ್ತಿ ಹೊಲದಲ್ಲಿ ಬೆವರು ಸುರಿಸಿದ ಗುಲಾಮನ ತನಕ ಹೋಗುತ್ತದೆ. ಇದನ್ನು ಯಾವ ಹಾಳೆಯಲ್ಲಿ ಕೊಟ್ಟಿದ್ದೀರಿ?

ಗುಲಾಮಗಿರಿ ತೋರಿಸಲು ಭೂಪಟದಲ್ಲಿ ಅಟ್ಲಾಂಟಿಕ್ ಹುಡುಕುತ್ತೀರಿ. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕದ ಗುಲಾಮರ ವಂಶದವರು ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡುಗಳಲ್ಲಿ ಬದುಕಿದ್ದಾರೆ. ಅವರನ್ನು ಪರಿಶಿಷ್ಟ ಪಂಗಡ ಅಂತ ಸರ್ಕಾರ ಗುರುತಿಸಿದ್ದು 2003ರಲ್ಲಿ. ಆ ಮನೆಯ ಹುಡುಗಿ ನಿಮ್ಮ ಕ್ಲಾಸಿನಲ್ಲೇ ಕೂತಿದ್ದಾಳೆ, ಮಾಸ್ತರೇ. ಬಿಟ್ಟ ಸ್ಥಳ ತುಂಬುತ್ತಿದ್ದಾಳೆ!

1831ರಲ್ಲಿ ವರ್ಜೀನಿಯಾ ರಾಜ್ಯ, ಕರಿಯರು ಓದು ಕಲಿಯಲು ಸಭೆ ಸೇರೋದನ್ನೇ ಕಾನೂನುಬಾಹಿರ ಮಾಡಿತು. 1856ರಲ್ಲಿ ನಮ್ಮ ಪಕ್ಕದ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ನ್ಯಾಯ ಅವನ ಕಡೆಗಿದೆ ಅಂತ ಮುಂಬಯಿ ಸರ್ಕಾರ ಒಪ್ಪಿತು. ಒಪ್ಪಿಯೂ, ಮೇಲುಜಾತಿಯವರು ಶಾಲೆ ಬಿಟ್ಟಾರು ಅಂತ ಬಾಗಿಲು ತೆರೆಯಲಿಲ್ಲ. ಆಗ ಬಾಗಿಲು ಮುಚ್ಚಿದರು. ಈಗ ಒಳಗೆ ಕೂರಿಸಿ ಪುಸ್ತಕ ಮುಚ್ಚುತ್ತಾರೆ.

ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ. 1913ರಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಓದಲು ಹೋದರು. 1972ರಲ್ಲಿ ಮುಂಬಯಿಯ ಹುಡುಗರು ಕರಿಯರ ಬ್ಲ್ಯಾಕ್ ಪ್ಯಾಂಥರನ್ನು ನೋಡಿ ದಲಿತ ಪ್ಯಾಂಥರ್ ಕಟ್ಟಿದರು. ಇವರೆಲ್ಲ ಪರರ ಇತಿಹಾಸ ಓದಿ ತಮ್ಮ ಬೇಡಿಯನ್ನು ಗುರುತಿಸಿದವರು. ಪ್ಯಾಕೇಜು ಓದಿ ಅಲ್ಲ.

ಮತ್ತೆ ಅಂಕೋಲೆಯ ಹೆಮ್ಮೆ ಇದೆಯಲ್ಲ, 1930ರ ಎಪ್ರಿಲ್ 13ರ ಉಪ್ಪಿನ ಸತ್ಯಾಗ್ರಹ? ಎಂ.ಪಿ. ನಾಡಕರ್ಣಿಯವರ ಹೆಸರು ಬರೆಸಿ. ಬರೆಸಲೇಬೇಕು. ಆದರೆ ತಲೆಮಾರುಗಟ್ಟಲೆ ಆಗರದ ಬಿಸಿಲಲ್ಲಿ ಕಾಲು ಸುಟ್ಟುಕೊಂಡು ಉಪ್ಪು ಮಾಡಿದ ಆಗೇರರನ್ನೂ ಬರೆಸಿ. ಕರನಿರಾಕರಣೆಯಲ್ಲಿ ಭೂಮಿ ಕಳಕೊಂಡವರ ತ್ಯಾಗ ಹೇಳುವಾಗ, ಆ ಗದ್ದೆಯಲ್ಲಿ ಗೇಯುತ್ತಿದ್ದ ಆಳಿನ ಪಾಡು ಏನಾಯಿತು ಅಂತಲೂ ಕೇಳಿಸಿ.

'ಫೇಲಾದ್ರೆ ಕೂಲಿಗೆ ಹೋಗ್ತಾರಲ್ಲ, ಅದಕ್ಕೇ ಪ್ಯಾಕೇಜು' ಅನ್ನುತ್ತೀರಿ. ಪಾಸಾಗೋದು ಬೇಡ ಅಂತ ಯಾರು ಹೇಳಿದರು? ನಮ್ಮ ಮಕ್ಕಳಿಗೆ ಆ ಅಂಕಪಟ್ಟಿ ಬೇಕೇ ಬೇಕು. ಕೊನೇ ತಿಂಗಳು ಹಾಳೆ ಕೊಡಿ. ಆದರೆ ಉಳಿದ ತಿಂಗಳುಗಳ ಪಾಠವನ್ನು ಆ ಹಾಳೆಗೆ ಇಳಿಸಬೇಡಿ.

ನಮ್ಮ ಮಕ್ಕಳ ಮೇಲೆ ದೊಡ್ಡ ನಿರೀಕ್ಷೆ ಇಡಿ. ಇಡೀ ಪಾಠ ಓದಿಸಿ. ಪ್ರತಿ ಇಸವಿಯ ಬೆನ್ನಿಗೂ 'ಯಾಕೆ' ಅಂತ ಕೇಳಿಸಿ. ಅಜ್ಜಿಯ ಹತ್ತಿರ ಕಳಿಸಿ. ಅವಳ ಮಾತು ಬರೆಸಿ. ಅದನ್ನು ಪುಸ್ತಕದ ಜೊತೆ ತೂಗಿಸಿ. ಎರಡನ್ನೂ ಪರೀಕ್ಷಿಸದೆ ನಂಬಬೇಡ ಅನ್ನಿ. ತಪ್ಪಾದರೆ ತಿದ್ದಿ, ಬೈದರೂ ಸರಿ. ಆದರೆ ಕನಿಕರ ಮಾತ್ರ ಬೇಡ.

ಮಕ್ಕಳೇ, ನಿಮಗೂ ಒಂದು ಮಾತು. ಯಾರಾದರೂ ನಾಲ್ಕು ಹಾಳೆ ಕೊಟ್ಟರೆ ಇಸಕೊಳ್ಳಿ. ಇಸಕೊಂಡು, 'ಐದನೇ ಹಾಳೆ ಎಲ್ಲಿ?' ಅಂತ ಕೇಳಿ.