ವೆಬ್‌ಸೈಟ್ ಬಜೆಟ್: ಕೆಲವು ಆಕ್ಷೇಪಗಳಿಗೆ ಉತ್ತರ

ಸಣ್ಣ ವ್ಯಾಪಾರಿಗಳು ವೆಬ್‌ಸೈಟ್ ಮಾಡಿಸುವ ಮುನ್ನ ಮೂರು ವರ್ಷದ ಖರ್ಚನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು ಎಂಬುದು ನನ್ನ ವಾದ. ಇದನ್ನು ಒಪ್ಪದವರು ಬಹಳ ಮಂದಿ. ಇಳಕಲ್ಲಿನ ಸೀರೆ ಅಂಗಡಿಯೊಂದನ್ನು ಕಣ್ಣ ಮುಂದಿಟ್ಟುಕೊಂಡು ಅವರಿಗೆ ಉತ್ತರಿಸುತ್ತೇನೆ.

‘ವಾಟ್ಸಾಪ್, ಇನ್‌ಸ್ಟಾಗ್ರಾಂ ಇರುವಾಗ ವೆಬ್‌ಸೈಟಿಗೇಕೆ ದುಡ್ಡು?’ ಎನ್ನುತ್ತಾರೆ. ಗಿರಾಕಿಗಳನ್ನು ಕರೆತರಲು ಅವು ಒಳ್ಳೆಯವೇ. ಆದರೆ ಆ ಜಾಗ ನಮ್ಮದಲ್ಲ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ, ಅಲ್ಲಿ ಕೂಡಿಸಿಕೊಂಡ ಹಿಂಬಾಲಕರೆಲ್ಲ ಒಂದೇ ಏಟಿಗೆ ಕೈಬಿಟ್ಟುಹೋದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ನಿಂತವು. ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ಕೊಡುತ್ತಿದ್ದ ವೆಬ್‌ಸೈಟುಗಳನ್ನು ಗೂಗಲ್ 2024ರ ಮಾರ್ಚಿನಲ್ಲಿ ಮುಚ್ಚಿಬಿಟ್ಟಿತು. ಸ್ವಂತ ವಿಳಾಸಕ್ಕೆ ವರ್ಷಕ್ಕಿಷ್ಟು ಎಂದು ತೆಗೆದಿಡುವುದು ದಂಡವಲ್ಲ ಎನ್ನಲು ಇಷ್ಟು ಸಾಕು.

ಎರಡನೆಯ ಮಾತು: ‘ನಮ್ಮ ಅಕ್ಕನ ಮಗ ಮಾಡಿಕೊಡ್ತಾನೆ, ಡೊಮೇನಿಗಷ್ಟೇ ದುಡ್ಡು.’ ಹುಡುಗನ ಜಾಣತನದ ಬಗ್ಗೆ ನನಗೆ ಅನುಮಾನವಿಲ್ಲ. ವರ್ಡ್‌ಪ್ರೆಸ್ ತಂತ್ರಾಂಶ ಉಚಿತ. ಲೆಟ್ಸ್ ಎನ್‌ಕ್ರಿಪ್ಟ್ ಬಂದಮೇಲೆ ಭದ್ರತಾ ಪ್ರಮಾಣಪತ್ರಕ್ಕೂ ಹಣ ಕೊಡಬೇಕಿಲ್ಲ. ಹಾಗಾದರೆ ಖರ್ಚು ಎಲ್ಲಿದೆ? ಸರಕನ್ನು ತೋರಿಸುವುದರಲ್ಲಿದೆ. ಇಳಕಲ್ ಸೀರೆಯ ಬೆಲೆ ಇರುವುದು ಟೋಪ್ ತೆನಿ ಸೆರಗಿನಲ್ಲಿ, ದಡಿಯಲ್ಲಿ, ಸೆರಗನ್ನು ಸೀರೆಯ ಒಡಲಿಗೆ ಜೋಡಿಸುವ ಕೊಂಡಿಯಲ್ಲಿ. ಟ್ಯೂಬ್‌ಲೈಟಿನಡಿ ಮೊಬೈಲಿನಲ್ಲಿ ಹಿಡಿದ ಚಿತ್ರದಲ್ಲಿ ಕೈಮಗ್ಗವೂ ಪವರ್‌ಲೂಮೂ ಒಂದೇ ಥರ ಕಾಣುತ್ತವೆ; ಕೆಂಪು ಇನ್ನೊಂದೇ ಬಣ್ಣವಾಗುತ್ತದೆ; ಸೀರೆ ವಾಪಸ್ ಬರುತ್ತದೆ, ಕೊರಿಯರ್ ಖರ್ಚು ಎರಡೂ ಕಡೆ ಬೀಳುತ್ತದೆ. ಪ್ರತಿ ಸೀರೆಗೂ ಹಗಲ ಬೆಳಕಿನಲ್ಲಿ ಸೆರಗು, ದಡಿ, ಒಡಲು ಬೇರೆಬೇರೆಯಾಗಿ ಕಾಣುವ ಚಿತ್ರ ಬೇಕು. ನೂಲು ಹತ್ತಿಯೋ, ರೇಷ್ಮೆಯೋ, ಆರ್ಟ್ ಸಿಲ್ಕೋ ಎಂದು ಬಿಚ್ಚಿ ಹೇಳುವ ಬರಹ ಬೇಕು. ಈ ಸೀರೆ ಉಡುವವರು ಮಹಾರಾಷ್ಟ್ರದಲ್ಲೂ ಇರುವುದರಿಂದ ಕನ್ನಡ, ಇಂಗ್ಲಿಷ್ ಜೊತೆಗೆ ಮರಾಠಿಯಲ್ಲೂ ಬೇಕು. ಒಟ್ಟು ಮೊತ್ತದಲ್ಲಿ ಮೂರನೇ ಒಂದು ಪಾಲನ್ನಾದರೂ ಫೋಟೋಕ್ಕೂ ಬರಹಕ್ಕೂ ಇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಅಕ್ಕನ ಮಗನೇ ಮಾಡಲಿ, ಅವನ ಶ್ರಮಕ್ಕೂ ಹಣ ಕೊಡಿ. ಪುಕ್ಕಟೆ ಕೆಲಸ ಮಾಡಿದವನನ್ನು ಹಬ್ಬದ ಹಿಂದಿನ ರಾತ್ರಿ ಸೈಟ್ ಕೆಟ್ಟರೆ ಯಾವ ಬಾಯಿಂದ ಎಬ್ಬಿಸುತ್ತೀರಿ?

‘ಕೊಟೇಶನ್‌ನಲ್ಲಿ ಬರೆದದ್ದೇ ಬಜೆಟ್, ಬೇರೆ ಲೆಕ್ಕ ಯಾಕೆ?’ ಎನ್ನುವವರು ಪೆನ್ನು ಹಿಡಿಯಲಿ. ಅರವತ್ತು ಸಾವಿರದ ಕೊಟೇಶನ್‌ಗೆ ಶೇ. 18 ಜಿಎಸ್‌ಟಿ ಸೇರಿದರೆ 70,800 ರೂಪಾಯಿ. ಕಂಪೋಸಿಷನ್ ಯೋಜನೆಯಲ್ಲಿರುವ ಅಂಗಡಿಗೆ ಆ ತೆರಿಗೆ ಹಿಂದಕ್ಕೆ ಸಿಗುವುದೂ ಇಲ್ಲ. ಪೇಮೆಂಟ್ ಗೇಟ್‌ವೇ ಶೇ. 2 ಹಿಡಿದರೆ ಮೂರು ಸಾವಿರದ ಸೀರೆಗೆ 60 ರೂಪಾಯಿ, ಅದರ ಮೇಲಿನ ಜಿಎಸ್‌ಟಿ ಸೇರಿ 70 ರೂಪಾಯಿ 80 ಪೈಸೆ. ಮೊದಲ ವರ್ಷ ಅಗ್ಗಕ್ಕೆ ಸಿಕ್ಕ ಡೊಮೇನ್, ಹೋಸ್ಟಿಂಗ್ ಎರಡನೇ ವರ್ಷದ ರಿನ್ಯೂವಲ್ ಹೊತ್ತಿಗೆ ತುಟ್ಟಿಯಾಗುವುದು ಸಾಮಾನ್ಯ. ಬ್ಯಾಕಪ್, ಪ್ಲಗಿನ್ ಪರವಾನಗಿ, ತಿದ್ದುಪಡಿಗಳಿಗೂ ವರ್ಷ ವರ್ಷ ಹಣ ಬೇಕು. ಇವು ಯಾವುವೂ ಅನಿರೀಕ್ಷಿತವಲ್ಲ. ಮೊದಲೇ ಕೇಳಿದರೆ ಗೊತ್ತಾಗುವಂಥವೇ.

ಕೊನೆಯ ಆಕ್ಷೇಪದಲ್ಲಿ ಹುರುಳಿದೆ: ‘ನಮ್ಮ ಬಜೆಟ್ ಇಷ್ಟು ಅಂತ ಹೇಳಿದರೆ ಡೆವಲಪರ್ ಅಷ್ಟಕ್ಕೂ ಬಿಲ್ ಹಾಕ್ತಾನೆ.’ ಹಾಗೆ ಮಾಡುವವರಿದ್ದಾರೆ, ನಿಜ. ಆದರೆ ಮೊತ್ತ ಮುಚ್ಚಿಟ್ಟರೆ ನಿಮಗೆ ಬೇಡದ ದೊಡ್ಡ ಯೋಜನೆಯೋ, ಬೇಕಾದದ್ದೇ ಇಲ್ಲದ ಚಿಕ್ಕದೋ ಬಂದೀತು. ಎಷ್ಟು ಸೀರೆ ಹಾಕಬೇಕು, ಯಾವ ಭಾಷೆಗಳು, ಆನ್‌ಲೈನ್ ಪಾವತಿ ಬೇಕೋ ಬೇಡವೋ ಎಂದು ಕೆಲಸದ ಪಟ್ಟಿ ಕೊಡಿ. ಅದೇ ಪಟ್ಟಿಗೆ ಮೂವರಿಂದ ಬಾಬುವಾರು ದರ ತರಿಸಿ. ಹಣವನ್ನು ಕಂತಿನಲ್ಲಿ ಕೊಡಿ, ಕೊನೆಯ ಕಂತನ್ನು ಸೈಟ್ ನಡೆದು ಒಂದು ತಿಂಗಳಾದ ಮೇಲೆ. ಎಲ್ಲಕ್ಕಿಂತ ಮುಖ್ಯವಾಗಿ, ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ನೋಂದಣಿಯಾಗಲಿ. ಇದನ್ನು ಒಪ್ಪದವರಿಗೆ ಅಡ್ವಾನ್ಸ್ ಕೊಡಬೇಡಿ.